ತಟ್ಟೆಯ ಮೇಲೆ ಇಲ್ಲದ ಹೆಸರುಗಳು

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಕೂಲಿ, ತುಟ್ಟಿಭತ್ಯೆಗಳ ಮಾತಾಡಲು ನಿಂತಿಲ್ಲ. ಅಮೆರಿಕದ ಹಳೆಯ ಜಾಝ್ ಸಂಗೀತದ ಗ್ರಾಮಫೋನ್ ತಟ್ಟೆಗಳ ವಿಷಯ ಹೇಳಬೇಕೆಂದಿದ್ದೇವೆ. ಕೆಲವರು ಮುಖ ಮುಖ ನೋಡಿಕೊಳ್ಳುತ್ತಿರುವುದು ಕಾಣುತ್ತಿದೆ. ಹಳೆಯ ತಟ್ಟೆ ಕೂಡಿಹಾಕುವುದು ಉಳ್ಳವರ ಚಟ, ನಮಗೇಕೆ ಎಂಬ ಮಾತು ಹಿಂದೊಮ್ಮೆ ನಮ್ಮ ಬಾಯಿಂದಲೂ ಬಂದಿತ್ತು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಒಂದರ ಹಿಂದೊಂದು ಕೇಳಿದ ಮೇಲೆ ಆ ಮಾತನ್ನು ನುಂಗಿಕೊಂಡೆವು.

ಜಾಝ್ ಎಂಬುದು ಅಮೆರಿಕದ ದಕ್ಷಿಣದ ನ್ಯೂ ಆರ್ಲಿಯನ್ಸ್ ಊರಿನಲ್ಲಿ ಕಪ್ಪು ಜನರ ನಡುವೆ ಬೆಳೆದ ಸಂಗೀತ. ಆದರೆ 1917ರಲ್ಲಿ ಮೊದಲನೆಯ ಜಾಝ್ ತಟ್ಟೆ ಮಾಡುವ ಯೋಗ ಬಂದದ್ದು ಐದು ಮಂದಿ ಬಿಳಿಯರ ತಂಡಕ್ಕೆ. ಕಪ್ಪು ಜನರ ದೊಡ್ಡ ತಂಡವೊಂದಕ್ಕೆ ಆ ಬಾಗಿಲು ತೆರೆದದ್ದು 1923ರ ಏಪ್ರಿಲ್‌ನಲ್ಲಿ. ಷಿಕಾಗೋ ನಗರದಲ್ಲಿ ಹೆಸರು ಮಾಡಿದ್ದ ಕಿಂಗ್ ಆಲಿವರರ ತಂಡ ಇಂಡಿಯಾನಾ ಪ್ರಾಂತದ ರಿಚ್ಮಂಡ್ ಎಂಬ ಊರಿಗೆ ಹೋಯಿತು. ಅಲ್ಲಿ ಪಿಯಾನೋ ಮಾಡುವ ಕಾರ್ಖಾನೆಯೊಂದಿತ್ತು. ಅದರದೇ ರಿಕಾರ್ಡು ಶಾಖೆ ಜೆನೆಟ್. ಧ್ವನಿ ಹಿಡಿಯುವ ಕೋಣೆಯ ಪಕ್ಕದಲ್ಲೇ ರೈಲು ಕಂಬಿ. ಗಾಡಿ ಬಂತೆಂದರೆ ಕೆಲಸ ನಿಲ್ಲಿಸಿ ಕಾಯಬೇಕು.

ಆಗ ಆ ಕೋಣೆಯಲ್ಲಿ ಮೈಕು ಇರಲಿಲ್ಲ. ಗೋಡೆಯಿಂದ ಹೊರಬಂದ ದೊಡ್ಡ ಕಹಳೆಯ ಬಾಯಿಗೆ ಎಲ್ಲರೂ ಗುಂಪುಗೂಡಿ ನುಡಿಸಬೇಕು. ಆ ಸದ್ದಿನ ಬಲದಿಂದಲೇ ಸೂಜಿ ಮೇಣದ ಮೇಲೆ ಗೆರೆ ಕೊರೆಯಬೇಕು. ದೊಡ್ಡ ಡೋಲು ಬಾರಿಸಿದರೆ ಸೂಜಿ ಹಾರುತ್ತದೆಂದು ಬೇಬಿ ಡಾಡ್ಸರು ಮರದ ತುಂಡುಗಳನ್ನು ಬಡಿದು ತಾಳ ಹಾಕಿದರು. ಎರಡನೆಯ ಕಾರ್ನೆಟ್ ಊದುತ್ತಿದ್ದ 21 ವರ್ಷದ ಹುಡುಗನ ಉಸಿರು ಎಷ್ಟು ಜೋರೆಂದರೆ, ಆತನನ್ನು ಉಳಿದವರಿಂದ ಬಹಳ ಹಿಂದಕ್ಕೆ ನಿಲ್ಲಿಸಬೇಕಾಯಿತೆಂದು ಪಿಯಾನೋ ನುಡಿಸಿದ ಲಿಲ್ ಹಾರ್ಡಿನ್ ಮುಂದೆ ನೆನಪು ಮಾಡಿಕೊಂಡಿದ್ದಾರೆ. ಆ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್.

ತಟ್ಟೆಯ ನಡುವಿನ ಚೀಟಿಯಲ್ಲಿ ನುಡಿಸಿದವರೆಂದು ಆ ಹೆಸರು ಇರಲಿಲ್ಲ. ಬೇಬಿ ಡಾಡ್ಸರ ಹೆಸರಿಲ್ಲ, ಲಿಲ್ ಹಾರ್ಡಿನರದೂ ಇಲ್ಲ. ಕಂಪನಿಯ ಹೆಸರು, ಹಾಡಿನ ಹೆಸರು, ನುಡಿಸಿದವರಲ್ಲಿ ತಂಡದ ಯಜಮಾನನ ಹೆಸರು ಮಾತ್ರ. ನಮ್ಮ ಗಿರಣಿಯ ಥಾನಿನ ಮೇಲೆ ಗಿರಣಿಯ ಛಾಪು ಬೀಳುತ್ತದೆಯೇ ಹೊರತು ನೇಯ್ದವನ ಹೆಸರು ಬೀಳುತ್ತದೆಯೇ? ಕೂಲಿಯೂ ಆ ಕಾಲಕ್ಕೆ ಸಾಮಾನ್ಯವಾಗಿ ಒಂದು ಸಲದ್ದು. ಆಮೇಲೆ ತಟ್ಟೆ ನೂರು ಮಾರಲಿ, ಲಕ್ಷ ಮಾರಲಿ, ನುಡಿಸಿದವನಿಗೆ ಸಂಬಂಧವಿಲ್ಲ. ಇನ್ನೊಂದು ವಿಷಯ. ಕಪ್ಪು ಜನರನ್ನು ಬೇಟೆಯಾಡುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಸಂಘ ಇಂಡಿಯಾನಾದಲ್ಲಿ ಆಗ ಬಲವಾಗಿತ್ತು. ಆ ಸಂಘದವರು ಹಣ ಕೊಟ್ಟು ಮಾಡಿಸಿದ ತಟ್ಟೆಗಳೂ ಇದೇ ಜೆನೆಟ್ ಕಾರ್ಖಾನೆಯಲ್ಲಿ ಅಚ್ಚಾದವು. ಆ ಅಚ್ಚಿಗೆ ಎರಡೂ ವ್ಯಾಪಾರವೇ.

ಈ ಹೆಸರುಗಳು ಮರಳಿ ಬಂದದ್ದು ಹೇಗೆ? ಇಲ್ಲಿ ಅಂಗಡಿಯ ಬಂಧುಗಳು ಸ್ವಲ್ಪ ಕಿವಿಗೊಡಬೇಕು. ನ್ಯೂಯಾರ್ಕಿನ 42ನೆಯ ಬೀದಿಯಲ್ಲಿ ಮಿಲ್ಟ್ ಗೇಬ್ಲರ್ ಎಂಬವರು ತಂದೆಯ ರೇಡಿಯೋ ಅಂಗಡಿಯಲ್ಲಿ ಕೂಡುತ್ತಿದ್ದರು. 1930ರ ದಶಕದಲ್ಲಿ ಕಂಪನಿಗಳು ಬೇಡವೆಂದು ಬಿಟ್ಟ ಹಳೆಯ ತಟ್ಟೆಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು ಮಾರಿದರು. ಆಮೇಲೆ ಕಂಪನಿಗಳಲ್ಲಿ ಉಳಿದಿದ್ದ ಅಚ್ಚುಗಳಿಂದ ಹೊಸದಾಗಿ ತಟ್ಟೆ ಒತ್ತಿಸಿದರು. ಈ ಮರುಮುದ್ರಣಗಳ ಚೀಟಿಯ ಮೇಲೆ ನುಡಿಸಿದವರೆಲ್ಲರ ಹೆಸರನ್ನು, ಯಾವ ವಾದ್ಯ ಯಾರದೆಂದು, ಅಚ್ಚು ಹಾಕಿಸಿದರು. ಒಬ್ಬ ಅಂಗಡಿಕಾರ ಮಾಡಿದ ಕೆಲಸ ಇದು. ಬಿಲ್ಲಿ ಹಾಲಿಡೇ ಅವರು ಕಪ್ಪು ಜನರನ್ನು ಮರಕ್ಕೆ ನೇಣು ಹಾಕುವುದರ ಮೇಲೆ ಹಾಡಿದ ‘ಸ್ಟ್ರೇಂಜ್ ಫ್ರೂಟ್’ ಹಾಡನ್ನು ಅವರ ದೊಡ್ಡ ಕಂಪನಿ ಒಲ್ಲೆನೆಂದಾಗ, 1939ರಲ್ಲಿ ಅದನ್ನು ತಟ್ಟೆಗೆ ತಂದವರೂ ಇವರೇ. ಆ ಹಾಡು ಬರೆದವರು ನ್ಯೂಯಾರ್ಕಿನ ಒಬ್ಬ ಶಾಲಾ ಮಾಸ್ತರು. ನಾವೂ ಹಲಗೆ ಒರೆಸಿದವರು. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಹೆಸರು ಹಾಕಬೇಕಾದರೆ ಮೊದಲು ಗೊತ್ತಿರಬೇಕಲ್ಲ! ಕಂಪನಿಯ ಖಾತೆಯಲ್ಲಿ ಎಷ್ಟೋ ಸಲ ಬರೆದಿರಲೇ ಇಲ್ಲ. ಆಗ ಸಂಗ್ರಹಕಾರರು ಬದುಕಿದ್ದ ವಾದ್ಯಗಾರರನ್ನು ಹುಡುಕಿ ಕೇಳಿದರು. ಕಪ್ಪು ಜನರ ಕೇರಿಗಳಲ್ಲಿ ಮನೆ ಮನೆ ಬಾಗಿಲು ತಟ್ಟಿ ಹಳೆಯ ತಟ್ಟೆ ಕೊಂಡರು. ತಟ್ಟೆಯ ಕೊನೆಯ ಗೆರೆಗೂ ಚೀಟಿಗೂ ನಡುವೆ ಕೊರೆದಿರುವ ಸಣ್ಣ ಸಂಖ್ಯೆಗಳನ್ನು ಬರೆದಿಟ್ಟರು. ಆ ಸಂಖ್ಯೆಯಿಂದ ಒಂದೇ ಹಾಡನ್ನು ಎಷ್ಟನೆಯ ಸಲ ನುಡಿಸಿದ್ದು ಎಂಬುದು ಗೊತ್ತಾಗುತ್ತದೆ. ಪ್ಯಾರಿಸಿನ ಷಾರ್ಲ್ ದೆಲೋನೆ 1936ರಲ್ಲಿ ಇಂಥ ಲೆಕ್ಕವನ್ನೆಲ್ಲ ಪುಸ್ತಕ ಮಾಡಿದರು. ಉಳಿದದ್ದು ಕಿವಿಯ ಕೆಲಸ. ಇದು ಆಗದ ಮಾತೆನ್ನುವಿರಾ? ನಮ್ಮ ಸಾಂಚಾ ಖಾತೆಯಲ್ಲಿ ನೂರು ಮಗ್ಗ ಒಟ್ಟಿಗೆ ಓಡುವಾಗ ಯಾವ ಮಗ್ಗದ ಸದ್ದು ತಪ್ಪಿತೆಂದು ನಿಂತಲ್ಲೇ ಹೇಳುವ ಜಾಬರರು ಈ ಸಭೆಯಲ್ಲೇ ಕೂತಿದ್ದಾರೆ.

ಮೊನ್ನೆ ಇದೇ ಕೋಣೆಯಲ್ಲಿ ‘ಡಿಪ್ಪರ್‌ಮೌತ್ ಬ್ಲೂಸ್’ ಎರಡು ಸಲ ಕೇಳಿಸಿದೆವು. ಒಂದು ಏಪ್ರಿಲ್‌ನ ಜೆನೆಟ್. ಇನ್ನೊಂದು ಜೂನ್‌ನಲ್ಲಿ ಅದೇ ತಂಡ ಓಕೆ ಕಂಪನಿಗೆ ನುಡಿಸಿದ್ದು. ಆಲಿವರರು ಒಬ್ಬರೇ ಊದುವ ಭಾಗ ಬಂದಾಗ ಒಬ್ಬರು ಎದ್ದು, ‘ಸ್ವಾಮಿ, ಇದು ಆಗ ಕೇಳಿದ್ದೇ ಅಲ್ಲವೇ?’ ಎಂದರು. ಹೆಚ್ಚು ಕಡಿಮೆ ಅದೇ. ಕಪ್ಪು ವಾದ್ಯಗಾರ ತೋಚಿದ್ದನ್ನು ಊದುತ್ತಾನೆ, ಅದು ಹುಟ್ಟುಗುಣ, ಅದರಲ್ಲಿ ದುಡಿಮೆಯಿಲ್ಲ ಎಂದು ಹೇಳುತ್ತಿದ್ದ ಪಂಡಿತರಿದ್ದರು. ಎರಡು ತಟ್ಟೆ ಪಕ್ಕಪಕ್ಕ ಇಟ್ಟರೆ ಆ ಮಾತು ನಿಲ್ಲುವುದಿಲ್ಲ. ಆಲಿವರರು ಆ ವರಸೆಯನ್ನು ಅಳೆದು ತೂಗಿ ಕಟ್ಟಿಟ್ಟಿದ್ದರು.

ಮರುಮುದ್ರಣಗಳೆಲ್ಲ ನಂಬಿಕೆಗೆ ತಕ್ಕವಲ್ಲ. ರೂಪಾಯಿಯನ್ನು ಕಲ್ಲಿಗೆ ಬಡಿದು ನೋಡಿದ ಹಾಗೆ ನೋಡಬೇಕು. ತಟ್ಟೆ ತಿರುಗುವ ವೇಗ ಹೆಚ್ಚಾದರೆ ಶ್ರುತಿ ಏರುತ್ತದೆ, ಹಾಡು ಓಡುತ್ತದೆ. ಆಗಿನ ತಟ್ಟೆಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನವೂ ಅಲ್ಲ. ಗರಗರ ಸದ್ದು ಹೋಗಲಾಡಿಸುತ್ತೇವೆಂದು ಅದರ ಜೊತೆಗೆ ಕ್ಲಾರಿನೆಟ್ಟಿನ ಮೊನೆಯನ್ನೂ ಕತ್ತರಿಸುವವರಿದ್ದಾರೆ. 1960ರ ದಶಕದಲ್ಲಂತೂ ಒಂದು ಕಿವಿಯ ಸಂಗೀತವನ್ನು ಎರಡು ಕಿವಿಗೆ ಸೀಳಿ, ಪ್ರತಿಧ್ವನಿ ಬೆರೆಸಿ ‘ಸ್ಟೀರಿಯೋ’ ಎಂದು ಮಾರಿದರು. ಹಾಲಿಗೆ ನೀರು ಬೆರೆಸಿದವನನ್ನು ನಾವು ಸುಮ್ಮನೆ ಬಿಡುತ್ತೇವೆಯೇ? ಇಂಗ್ಲೆಂಡಿನ ಜಾನ್ ಆರ್. ಟಿ. ಡೇವಿಸರಂಥವರು ಚೆನ್ನಾದ ಪ್ರತಿ ಹುಡುಕಿ, ಅದರ ಗೆರೆಗೆ ಹೊಂದುವ ಮುಳ್ಳು ಆರಿಸಿ, ಚಿಟಿಕೆ ಸದ್ದುಗಳನ್ನು ಒಂದೊಂದಾಗಿ ತೆಗೆದು ಮಾಡಿದ ಕೆಲಸವೇ ಬೇರೆ.

ಇಷ್ಟು ಹುಡುಕಾಟ ಏಕೆಂದರೆ ಮೂಲ ತಟ್ಟೆಗಳೇ ಕಡಿಮೆ. ಆ ತಟ್ಟೆ ನಮ್ಮ ದೇಶದ ಅರಗಿನದು ಎಂಬುದು ಎಷ್ಟು ಜನಕ್ಕೆ ಗೊತ್ತು? ಛೋಟಾ ನಾಗಪುರದ ಕಾಡಿನಲ್ಲಿ ಮುತ್ತುಗದ ಮರದಿಂದ ಬಡವರು ಬಿಡಿಸಿದ ಅರಗನ್ನು ಕಲ್ಲಿನ ಪುಡಿಗೆ ಬೆರೆಸಿ ಒತ್ತುತ್ತಿದ್ದರು. ಯುದ್ಧದಲ್ಲಿ ಅರಗಿಗೆ ಬರ ಬಂದು, 1942ರಲ್ಲಿ ಅಮೆರಿಕ ಸರ್ಕಾರ ತಟ್ಟೆಗೆ ಹಾಕುವ ಅರಗನ್ನು ನೂರಕ್ಕೆ 70ರಷ್ಟು ಕಡಿತ ಮಾಡಿತು. ಆಗ ಹಳೆಯ ತಟ್ಟೆಗಳನ್ನು ಕೂಡಿಸಿ ಅರೆದು ಹೊಸದಕ್ಕೆ ಹಾಕಿದರು. ಯಾರ ಉಸಿರು ಯಾರ ಹಾಡಿನೊಳಗೆ ಅರೆದುಹೋಯಿತೋ!

ಆಲಿವರರ ಹಲ್ಲು ಕೆಟ್ಟು ಊದಲಾಗದೆ, ಸವಾನಾ ಎಂಬ ಊರಿನ ಬಿಲಿಯರ್ಡ್ಸ್ ಮೇಜಿನ ಕೋಣೆಯಲ್ಲಿ ಕಸ ಗುಡಿಸುವ ಕೆಲಸ ಮಾಡಿ, 1938ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರ ತಂಡ 1923ರ ಅಕ್ಟೋಬರ್‌ನಲ್ಲಿ ಜೆನೆಟ್‌ಗೆ ನುಡಿಸಿದ ಒಂದು ತಟ್ಟೆಯಿದೆ, ಸಂಖ್ಯೆ 5275. ಪ್ರಪಂಚದಲ್ಲಿ ಅದರದು ಒಂದೇ ಒಂದು ಪ್ರತಿ ಉಳಿದಿರುವುದು ತಿಳಿದಿದೆ. ಅದೊಂದು ಒಡೆದಿದ್ದರೆ ಆಟ ಮುಗಿದಿತ್ತು. ಯಾರೋ ಜೋಪಾನ ಮಾಡಿದರು, ಯಾರೋ ಅದರಿಂದ ಮರುಮುದ್ರಣ ಮಾಡಿದರು. ಆದ್ದರಿಂದ ಇವತ್ತು ನಮ್ಮ ಜೇಬಿನ ಫೋನಿನಲ್ಲೂ ಸಿಗುತ್ತದೆ. ಅಮೆರಿಕದ 2018ರ ಕಾನೂನಿನ ಪ್ರಕಾರ, 1923ರಲ್ಲಿ ಹೊರಬಂದ ರಿಕಾರ್ಡುಗಳ ಮೇಲಿನ ಕಂಪನಿಗಳ ಹಕ್ಕು 2024ರ ಜನವರಿ 1ರಂದು ಮುಗಿಯಿತು. ನೂರು ವರ್ಷ ಹಿಡಿಯಿತು, ಆದರೂ ಅವು ಈಗ ಎಲ್ಲರ ಸೊತ್ತು.

ಆ ತಟ್ಟೆಯ ಒಂದು ಮಗ್ಗುಲಿನ ಹಾಡಿನ ಹೆಸರು ‘ವರ್ಕಿಂಗ್‌ಮನ್ ಬ್ಲೂಸ್’, ಎಂದರೆ ದುಡಿಯುವವನ ಅಳಲು. ಮಾತಿಲ್ಲ, ಬರೀ ವಾದ್ಯ. ಅದನ್ನೇ ಅವರು ಓಕೆ ಕಂಪನಿಗೂ ನುಡಿಸಿದ್ದಾರೆ. ಎರಡನ್ನೂ ಈಗ ಹಾಕುತ್ತೇವೆ. ಮೊದಲು ಜೆನೆಟ್‌ನದು. ಫ್ಯಾನು ನಿಲ್ಲಿಸಿ, ಬಾಗಿಲ ಹತ್ತಿರ ಇರುವವರು ಸ್ವಲ್ಪ ಒಳಗೆ ಬನ್ನಿ.