ಜಿನೀವೆಯ ಡೇರೆ
(ಒಂದು ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶಕ್ಕೆ ಹೋಗಿ ಕೆಲಸ ಕಲಿಯುವ ವಿದ್ಯಾರ್ಥಿಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಈ ವಾಚನಾಲಯದ ಚಾಲಕರು ಅಪ್ಪಣೆ ಮಾಡಿದಾಗ ನಾವು ಮೊದಲು ಹಿಂಜರಿದೆವು. ನಾವು ವಕೀಲರು, ಕಾಗದದ ಮೇಲಿನ ಮಾತನ್ನು ತೂಗಿ ನೋಡುವದೇ ನಮ್ಮ ಕಸಬು. ಸರೋವರ, ಹಿಮಪರ್ವತ, ಮಹಾಸೌಧಗಳ ವರ್ಣನೆ ಬೇಕಾಗಿದ್ದರೆ ಪ್ರವಾಸಿಗಳೊಬ್ಬರನ್ನು ಕರೆಯುವದೇ ಲೇಸಾಗಿತ್ತು. ಆದರೆ ಇತ್ತೀಚೆಗೆ ನಮ್ಮ ಊರಿನ ಕೆಲವು ತಂದೆತಾಯಿಗಳು, ಮಗನಿಗೋ ಮಗಳಿಗೋ ಯುರೋಪಿನಿಂದ ಬಂದ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದು, "ಇದಕ್ಕೆ ಸಹಿ ಹಾಕಬಹುದೇ?" ಎಂದು ಕೇಳತೊಡಗಿರುವರು. ಪತ್ರದಲ್ಲಿ ಸಂಸ್ಥೆಯ ದೊಡ್ಡ ಹೆಸರಿರುವದು, ಲಾಂಛನವಿರುವದು, ಅಧಿಕಾರಿಯ ಹಸ್ತಾಕ್ಷರವಿರುವದು. ಸಂಬಳದ ಅಂಕಿ ಮಾತ್ರ ಎಲ್ಲಿಯೂ ಕಾಣುವದಿಲ್ಲ. ಅಂಥವರಿಗೆ ನಾವು ಹೇಳುತ್ತ ಬಂದಿರುವ ಒಂದು ನಡೆದ ಸಂಗತಿಯನ್ನೇ ಇಂದು ನಿಮ್ಮ ಮುಂದಿಡುವೆವು.

ಇಂಥ ಕೆಲಸಕ್ಕೆ ನಮ್ಮಲ್ಲಿ ಒಂದು ಹಳೆಯ ಮಾತಿದೆ: ಉಮೇದುವಾರಿ. ಆಂಗ್ಲರ ಆಳಿಕೆಯ ಕಚೇರಿಗಳಲ್ಲಿ, ಎಂದಾದರೊಂದು ದಿನ ಕಾರಕೂನನ ಜಾಗವು ತೆರವಾದೀತೆಂದು ನಂಬಿ ಸಂಬಳವಿಲ್ಲದೆ ನಕಲು ಬರೆಯುತ್ತ ಕುಳಿತ ತರುಣರನ್ನು ಉಮೇದುವಾರರೆಂದು ಕರೆಯುತ್ತಿದ್ದರು. ಉಮೇದು ಎಂದರೆ ಆಸೆ. ಈಗ ಆ ಶಬ್ದವು ಚುನಾವಣೆಗೆ ನಿಂತವರ ಪಾಲಾಗಿದೆ. ಆದರೂ ಪರದೇಶದ ಕಚೇರಿಗಳಲ್ಲಿ ಕೆಲಸ ಕಲಿಯುವ ವಿದ್ಯಾರ್ಥಿಗೆ ಇದಕ್ಕಿಂತ ಒಪ್ಪುವ ಶಬ್ದವು ನಮಗೆ ತೋಚದು; ಆದುದರಿಂದ ಅದನ್ನೇ ಬಳಸುವೆವು.

೨೦೧೫ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಜಿನೀವಾ ನಗರದ ವೃತ್ತಪತ್ರವೊಂದು ಒಂದು ಸುದ್ದಿಯನ್ನು ಪ್ರಕಟಿಸಿತು. ನ್ಯೂಜಿಲೆಂಡಿನಿಂದ ಬಂದ ಇಪ್ಪತ್ತೆರಡು ವರ್ಷದ ಒಬ್ಬ ತರುಣನು ವಿಶ್ವಸಂಸ್ಥೆಯ ಕಚೇರಿಯಲ್ಲಿ ಉಮೇದುವಾರನಾಗಿದ್ದು, ರಾತ್ರಿ ಸರೋವರದ ದಂಡೆಯ ಮೇಲೆ ಒಂದು ಚಿಕ್ಕ ನೀಲಿ ಡೇರೆಯಲ್ಲಿ ಮಲಗುತ್ತಿದ್ದನು. ಬೆಳಗಾದೊಡನೆ ಕೋಟು, ಕಂಠಪಟ್ಟಿ ಧರಿಸಿ ಕಚೇರಿಗೆ ಹೋಗುವನು. ಸಂಜೆಗೆ ಮತ್ತೆ ಡೇರೆಗೆ ಬರುವನು. ಕೆಲಸವು ಆರು ತಿಂಗಳಿನದು. ಸಂಬಳವಿಲ್ಲ, ದಾರಿಖರ್ಚು, ಊಟದ ಭತ್ಯ, ಔಷಧೋಪಚಾರದ ಸಹಾಯ ಇವೂ ಇಲ್ಲ. ಸುದ್ದಿಯು ಒಂದೆರಡು ದಿನಗಳಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹರಡಿತು. ಜಿನೀವೆಯ ಗೃಹಸ್ಥರು ಕೆಲವರು ತಮ್ಮ ಮನೆಯಲ್ಲಿ ಇರಲು ಬಾ ಎಂದು ಕರೆದರು. ಆದರೆ ತರುಣನು ವಿಶ್ವಸಂಸ್ಥೆಯ ಹೆಬ್ಬಾಗಿಲಿನ ಮುಂದೆ ನಿಂತು, ನೆರೆದ ವರದಿಗಾರರ ಎದುರಿಗೆ ತನ್ನ ರಾಜೀನಾಮೆಯನ್ನು ಓದಿಹೇಳಿ ಕೆಲಸವನ್ನು ಬಿಟ್ಟನು. ಅವನು ಅಲ್ಲಿ ದುಡಿದದ್ದು ಎರಡು ವಾರಗಳ ಮಟ್ಟಿಗೆ ಮಾತ್ರ.

ಅವನ ಹೇಳಿಕೆಯಲ್ಲಿ ಒಂದು ಸಂಗತಿಯಿದೆ. ಅದನ್ನು ನಾವು ಡೇರೆಗಿಂತಲೂ ಮುಖ್ಯವೆಂದು ತಿಳಿಯುವೆವು. ಇಂಥ ಉಮೇದುವಾರಿಗಳಿಗೆ ಅರ್ಜಿ ಹಾಕುವಾಗ, "ನಿನ್ನ ಖರ್ಚನ್ನು ನೀನೇ ಭರಿಸಬಲ್ಲೆಯಾ?" ಎಂಬ ಅರ್ಥದ ಪ್ರಶ್ನೆಯನ್ನು ಕೇಳುವರು. ಹಿಂದೆ ಇದಕ್ಕೆ ನಿಜವಾಗಿ "ಇಲ್ಲ" ಎಂದು ಉತ್ತರಕೊಟ್ಟಾಗ ತನಗೆ ಜಾಗವು ದೊರೆಯಲಿಲ್ಲವೆಂದೂ, ಈ ಸಲ "ಹೌದು" ಎಂದುದರಿಂದ ದೊರೆಯಿತೆಂದೂ ಅವನು ತಿಳಿಸಿದನು. ಸಭಿಕರೇ, ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಿರಿ. ಮೇಲ್ನೋಟಕ್ಕೆ ಇದು ಹಿರಿಯರ ಕಳಕಳಿಯ ಮಾತಿನಂತೆ ತೋರುವದು. ಬಡವನ ಮಗನು ಅಪರಿಚಿತ ಊರಿಗೆ ಬಂದು ಉಪವಾಸ ಬೀಳಬಾರದೆಂಬ ದಯೆಯೂ ಅದರಲ್ಲಿ ಇರಬಹುದು. ಆದರೆ ಫಲದಲ್ಲಿ ಅದು ಜರಡಿ. ಬುದ್ಧಿಯನ್ನು ಸೋಸುವ ಜರಡಿಯಲ್ಲ, ತಂದೆಯ ಚೀಲವನ್ನು ಸೋಸುವ ಜರಡಿ. ಯಾರ ಮನೆಯಲ್ಲಿ ಆರು ತಿಂಗಳು ಸಾಕುವ ಶಕ್ತಿಯಿದೆಯೋ ಅವರು ಒಳಗೆ. ಮಿಕ್ಕವರು ಹೊರಗೆ, ಅಥವಾ ಸುಳ್ಳು ಹೇಳಿ ಒಳಗೆ.

ಅದೂ ಯಾವ ಊರಿನಲ್ಲಿ! ಜಿನೀವೆಯೆಂದರೆ ಜಗತ್ತಿನ ಅತಿ ದುಬಾರಿಯ ನಗರಗಳಲ್ಲಿ ಒಂದು. ಅಲ್ಲಿ ಖಾಲಿಯಿರುವ ಮನೆಗಳು ನೂರಕ್ಕೆ ಒಂದರ ಪ್ರಮಾಣಕ್ಕೂ ಕಡಿಮೆ. ಸ್ವಿಸ್ ಕಾಯದೆಯಂತೆ ಮನೆಯ ಮಾಲೀಕನು ಮೂರು ತಿಂಗಳ ಬಾಡಿಗೆಯವರೆಗೆ ಠೇವಣಿ ಕೇಳಬಹುದು. ಹೊಸ ಊರಿಗೆ ಬಂದ ವಿದ್ಯಾರ್ಥಿಗೆ ಭಾಷೆ ಬಾರದು, ಜಾಮೀನು ನಿಲ್ಲುವವರಿಲ್ಲ, ಸಂಬಳದ ಚೀಟಿ ತೋರಿಸೆಂದರೆ ಸಂಬಳವೇ ಇಲ್ಲ. ಇಷ್ಟಾಗಿ ಅವನು ಬೆಳಿಗ್ಗೆ ಎದ್ದು ಹೋಗುವದು ಎಲ್ಲಿಗೆ? ಮೊದಲ ಮಹಾಯುದ್ಧದ ತರುವಾಯ ಹುಟ್ಟಿದ ರಾಷ್ಟ್ರಸಂಘಕ್ಕಾಗಿ ಕಟ್ಟಿದ ಆ ಅರಮನೆಗೆ. ಸುತ್ತಲಿನ ಉದ್ಯಾನವನ್ನು ನಗರಕ್ಕೆ ದಾನಮಾಡಿದ ಶ್ರೀಮಂತನು, ಅಲ್ಲಿ ನವಿಲುಗಳು ಸ್ವೇಚ್ಛೆಯಾಗಿ ತಿರುಗಾಡತಕ್ಕದ್ದೆಂದು ಕರಾರು ಹಾಕಿದನೆಂದು ಹೇಳುವರು. ಇಂದಿಗೂ ಅಲ್ಲಿ ನವಿಲುಗಳಿವೆ. ನವಿಲಿಗೆ ಇರುವ ಕರಾರು ಉಮೇದುವಾರನಿಗಿಲ್ಲ!

ಈ ನಗರದಲ್ಲಿಯೇ ೧೯೧೯ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕಚೇರಿಯೂ ಇದೆ. ೧೯೪೮ರ ಮಾನವ ಹಕ್ಕುಗಳ ಘೋಷಣೆಯ ಇಪ್ಪತ್ಮೂರನೆಯ ಕಲಮಿನಲ್ಲಿ, ದುಡಿಯುವ ಪ್ರತಿಯೊಬ್ಬನಿಗೂ ಮಾನವಂತನಾಗಿ ಬಾಳುವಷ್ಟು ನ್ಯಾಯವಾದ ಪ್ರತಿಫಲ ಸಲ್ಲಬೇಕೆಂಬುದನ್ನು ವಿಶ್ವಸಂಸ್ಥೆಯೇ ಸಾರಿದೆ. ಹಾಗಾದರೆ ಡೇರೆಯ ತರುಣನ ವಿಷಯದಲ್ಲಿ ಅದು ಕೊಟ್ಟ ಉತ್ತರವೇನು? ಉಮೇದುವಾರರು ನೌಕರರಲ್ಲ, ನೌಕರರಲ್ಲದವರಿಗೆ ವೇತನ ಕೊಡಲು ಮಹಾಸಭೆಯ ನಿಯಮಗಳು ಅವಕಾಶ ಕೊಡುವದಿಲ್ಲವೆಂಬುದು. ವಕೀಲರಾದ ನಮಗೆ ಈ ಉತ್ತರದ ಜಾಣತನವು ತಿಳಿಯದೆ ಇಲ್ಲ. ದುಡಿದರೂ ದುಡಿಯುವವನೆಂಬ ಹೆಸರು ಕೊಡದಿದ್ದರೆ, ದುಡಿಯುವವನಿಗೆ ಸಲ್ಲುವ ಹಕ್ಕು ಯಾವದೂ ಅವನ ಬಾಗಿಲಿಗೆ ಬಾರದು.

ಕೆಲವರು ಹೇಳುವರು: "ಕಲಿಯುವವನಿಗೆ ಸಂಬಳವೇಕೆ? ಗುರುಕುಲದಲ್ಲಿ ಶಿಷ್ಯನಿಗೆ ಸಂಬಳವಿತ್ತೇ?" ಸರಿ, ಗುರುಕುಲದಲ್ಲಿ ಸಂಬಳವಿರಲಿಲ್ಲ, ಆದರೆ ಅನ್ನವಿತ್ತು, ಮಲಗಲು ಜಾಗವಿತ್ತು. ಜಿನೀವೆಯ ಇತಿಹಾಸವೂ ಇದನ್ನೇ ಹೇಳುವದು. ಗಡಿಯಾರ, ಚಿನ್ನದ ಕೆಲಸಗಳಿಗೆ ಹೆಸರಾದ ಆ ಊರಿನಲ್ಲಿ ಕಸಬು ಕಲಿಯುವ ಹುಡುಗನು ಯಜಮಾನನ ಮನೆಯಲ್ಲಿಯೇ ಉಂಡು ಮಲಗುವದು ಹಿಂದಿನ ಪದ್ಧತಿ. ಅಲ್ಲಿಯೇ ೧೭೧೨ರಲ್ಲಿ ಹುಟ್ಟಿದ ರೂಸೋ ಎಂಬ ತತ್ತ್ವಜ್ಞನು, ತನ್ನ ಹದಿಮೂರನೆಯ ವಯಸ್ಸಿಗೆ ಒಬ್ಬ ಕೆತ್ತನೆಗಾರನಲ್ಲಿ ಹೀಗೆ ಕೆಲಸಕ್ಕೆ ನಿಂತಿದ್ದನು. ಯಜಮಾನನು ಕ್ರೂರಿ, ಹುಡುಗನು ಹೊಡೆತ ತಿಂದನು, ಕಳ್ಳತನ ಕಲಿತನು. ೧೭೨೮ರ ಮಾರ್ಚಿಯಲ್ಲಿ ಒಂದು ಸಂಜೆ ತಿರುಗಾಡಿ ಬರುವಷ್ಟರಲ್ಲಿ ಕೋಟೆಯ ಬಾಗಿಲು ಮುಚ್ಚಿತು; ಮರುದಿನದ ಹೊಡೆತವನ್ನು ನೆನೆದು ಅವನು ಒಳಗೆ ಹೋಗದೆ ಊರನ್ನೇ ಬಿಟ್ಟನು. ಆ ಪದ್ಧತಿಯನ್ನು ನಾವು ಕೊಂಡಾಡಲು ಬಂದಿಲ್ಲ. ಆದರೂ ಆ ದುಷ್ಟ ಯಜಮಾನನು ಕೂಡ ಹುಡುಗನಿಗೆ ಮಾಡು ಕೊಟ್ಟಿದ್ದನೆಂಬುದನ್ನು ಮರೆಯಲಾಗದು.

ಇನ್ನೊಂದು ಆಕ್ಷೇಪವನ್ನು ಮುಚ್ಚಿಡುವದು ನ್ಯಾಯವಲ್ಲ. ಡೇರೆಯ ಸಂಗತಿಯು ಪೂರ್ತಿ ಅನಿವಾರ್ಯದಿಂದ ನಡೆದುದಲ್ಲ, ಲೋಕದ ಕಣ್ಣು ತೆರೆಯಿಸಲೆಂದು ಮೊದಲೇ ಯೋಚಿಸಿ ಮಾಡಿದ್ದೆಂದು ಆ ತರುಣನೇ ತರುವಾಯ ಒಪ್ಪಿಕೊಂಡನು. ಆ ಪ್ರಸಂಗವು ಮುಂದೆ ಚಲಚ್ಚಿತ್ರವೂ ಆಯಿತು. ಇದನ್ನು ಕೇಳಿ ಹಲವರು ಅವನನ್ನು ನಟನೆಂದು ಜರೆದರು. ನಮ್ಮ ಮತವೇನೆಂದರೆ, ಸಾಕ್ಷಿಯು ಸ್ವಲ್ಪ ಬಣ್ಣ ಕಟ್ಟಿ ನುಡಿದನೆಂದ ಮಾತ್ರಕ್ಕೆ ದಸ್ತೈವಜು ಸುಳ್ಳಾಗದು. ಪ್ರಶ್ನೆಯು ಅರ್ಜಿಯಲ್ಲಿತ್ತು, ಸಂಬಳವು ಇರಲಿಲ್ಲ. ಅವನು ತಿಳಿದು ತಿಳಿದೇ ಒಪ್ಪಿಕೊಂಡದ್ದಕ್ಕೆ ತಾನೂ ಹೊಣೆಯೆಂದು ರಾಜೀನಾಮೆಯಲ್ಲಿಯೇ ಹೇಳಿದ್ದನು. ಅವನ ಹಿಂದೆಯೇ ಜಿನೀವೆಯ ಇತರ ಉಮೇದುವಾರರು ವಿಶ್ವಸಂಸ್ಥೆಯ ಎದುರಿನ ಚೌಕದಲ್ಲಿ ಸೇರಿ ಸಂಬಳ ಬೇಕೆಂದು ಕೂಗಿದರು. ಅವರೆಲ್ಲರೂ ನಟರೇ?

ಯುರೋಪಿನಲ್ಲಿ ಇದಕ್ಕೆ ದಾರಿಗಳೇ ಇಲ್ಲವೆಂದು ತಿಳಿಯಬಾರದು. ಜಿನೀವೆಯಿಂದ ಟ್ರಾಮಿನಲ್ಲಿ ಕುಳಿತರೆ ಫ್ರಾನ್ಸಿನ ಗಡಿಯು ತುಸು ಹೊತ್ತಿನ ಹಾದಿ. ಆ ಗಡಿಯಾಚೆಯಲ್ಲಿ ವಿದ್ಯಾರ್ಥಿಯ ಉಮೇದುವಾರಿಗೆ ವಿದ್ಯಾರ್ಥಿ, ವಿದ್ಯಾಲಯ, ಕೆಲಸ ಕೊಡುವವ ಈ ಮೂವರ ಸಹಿಯುಳ್ಳ ಕರಾರುಪತ್ರವು ಕಡ್ಡಾಯ. ಒಂದು ಶಾಲಾವರ್ಷದಲ್ಲಿ ಎರಡು ತಿಂಗಳು ಮೀರಿದರೆ ಪ್ರತಿಫಲ ಕೊಡಲೇಬೇಕು. ಒಂದೇ ಕಡೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಕೂಡದು. ಕಾಯಂ ನೌಕರನ ಜಾಗದಲ್ಲಿ ವಿದ್ಯಾರ್ಥಿಯನ್ನು ಕೂಡಿಸಿ ಕೆಲಸ ತೆಗೆಯಕೂಡದು. ೨೦೧೪ರ ಜುಲೈ ತಿಂಗಳ ಕಾಯದೆಯು ಇವನ್ನೆಲ್ಲ ಬಿಗಿಗೊಳಿಸಿತು. ಪ್ರತಿಫಲದ ಮೊತ್ತವು ಸಣ್ಣದೇ. ಅದರಿಂದ ಪ್ಯಾರಿಸ್ಸಿನಲ್ಲಿ ಕೋಣೆ ಹಿಡಿಯಲಾಗದು. ಆದರೆ ತತ್ತ್ವವು ಕಾಗದದ ಮೇಲೆ ಬಂದಿತು. ೨೦೧೫ರಲ್ಲಿ ಜಾರಿಗೆ ಬಂದ ಜರ್ಮನಿಯ ಕನಿಷ್ಠ ವೇತನದ ಕಾಯದೆಯು ಇಷ್ಟು ಉದಾರವಲ್ಲ. ಪಾಠಕ್ರಮದಲ್ಲಿ ಕಡ್ಡಾಯವಾದ ಉಮೇದುವಾರಿಯನ್ನೂ, ಮೂರು ತಿಂಗಳೊಳಗಿನ ಐಚ್ಛಿಕವಾದುದನ್ನೂ ಅದು ಹೊರಗೆ ಬಿಟ್ಟಿತು. ಯುರೋಪಿನ ವಿದ್ಯಾರ್ಥಿಗಳಿಗೆ, ೧೯೮೭ರಲ್ಲಿ ಆರಂಭವಾಗಿ ೨೦೦೭ರಿಂದ ಉಮೇದುವಾರಿಯನ್ನೂ ಒಳಗೊಂಡ ಎರಾಸ್ಮಸ್ ಯೋಜನೆಯಿಂದ ವೇತನರೂಪದ ನೆರವು ಸಿಗುವದು. ಹೀಗೆ ಗಡಿಗೊಂದು ನ್ಯಾಯ. ಆದುದರಿಂದಲೇ, "ಯುರೋಪಿನಲ್ಲಿ ಎಲ್ಲವೂ ಸರಿಯಾಗಿರುವದು" ಎಂದು ನಂಬಿ ಸಹಿ ಹಾಕುವ ತಂದೆಯನ್ನು ಕಂಡರೆ ನಮಗೆ ಕಸಿವಿಸಿಯಾಗುವದು.

ನಮ್ಮಲ್ಲಿಗೆ ಪತ್ರ ತರುವವರನ್ನು ನಾವು ಹೆಚ್ಚೇನೂ ಕೇಳುವದಿಲ್ಲ. ಈ ಪತ್ರಕ್ಕೆ ಮೂರನೆಯವರಾಗಿ ವಿದ್ಯಾಲಯದವರ ಸಹಿಯಿದೆಯೇ, ಹುಡುಗನು ಬಿದ್ದು ಕಾಲು ಮುರಿದುಕೊಂಡರೆ ಆಸ್ಪತ್ರೆಯ ಹಣವನ್ನು ಯಾರು ಕೊಡುವರು, ಮೊದಲ ರಾತ್ರಿ ಎಲ್ಲಿ ಮಲಗುವನು ಎಂದಷ್ಟೇ ಕೇಳುವೆವು. ಮೂರನೆಯದಕ್ಕೆ ಹೆಚ್ಚಿನವರಲ್ಲಿ ಉತ್ತರವಿರುವದಿಲ್ಲ. "ಅಷ್ಟು ದೊಡ್ಡ ಸಂಸ್ಥೆ, ಏನಾದರೂ ಏರ್ಪಾಡು ಮಾಡಿಯಾರು" ಎನ್ನುವರು. ಆಗ ನಾವು ಡೇರೆಯ ಕಥೆಯನ್ನು ಹೇಳುವೆವು.

ಕಥೆಯು ವ್ಯರ್ಥವಾಗಲಿಲ್ಲ. ಜಿನೀವೆಯಲ್ಲಿಯೇ ಇರುವ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು ೨೦೧೮ರ ಮೇ ತಿಂಗಳಿನಲ್ಲಿ ಠರಾವು ಮಾಡಿ, ತನ್ನ ಉಮೇದುವಾರರಿಗೆ ಹಣದ ನೆರವು ಕೊಡಬೇಕೆಂದು ನಿಶ್ಚಯಿಸಿತು. ೨೦೨೦ರಿಂದ ಅದು ನಡೆಗೆ ಬಂದಿತು. ಬಡ ದೇಶಗಳ ರೋಗಗಳ ಬಗ್ಗೆ ಕೆಲಸ ಮಾಡುವ ಕಚೇರಿಗೆ ಆ ದೇಶಗಳ ತರುಣರು ಬರಲಾರದೆ ಹೋಗುವದು ಅದರವರಿಗೆ ಕೊನೆಗೂ ವಿಚಿತ್ರವಾಗಿ ಕಂಡಿರಬೇಕು.

ಇಷ್ಟು ಹೊತ್ತು ಪರರ ತಪ್ಪನ್ನು ಎಣಿಸಿದೆವು. ಈಗ ನಮ್ಮ ಮನೆಯ ಮಾತು. ನಮ್ಮ ಕಸಬಿನಲ್ಲಿ ಹೊಸದಾಗಿ ಸನದು ಪಡೆದ ತರುಣರು ಹಿರಿಯ ವಕೀಲರ ಕೈಕೆಳಗೆ ಎಷ್ಟೋ ವರ್ಷ ಏನೂ ಇಲ್ಲದೆ, ಇಲ್ಲವೆ ದಾರಿಖರ್ಚಿನಷ್ಟನ್ನೇ ಪಡೆದು, ದುಡಿಯುವದು ವಾಡಿಕೆ. ೨೦೨೪ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು, ಅವರಿಗೆ ಪಟ್ಟಣಗಳಲ್ಲಿ ತಿಂಗಳಿಗೆ ೨೦,೦೦೦, ಹಳ್ಳಿಗಾಡುಗಳಲ್ಲಿ ೧೫,೦೦೦ ರೂಪಾಯಿಯಾದರೂ ಕೊಡಿರೆಂದು ಸುತ್ತೋಲೆ ಹೊರಡಿಸಿತು. ಅದು ಬರಿಯ ಶಿಫಾರಸು; ಕಡ್ಡಾಯವಲ್ಲ. ನಾವು ಅದನ್ನು ಓದಿ, ಮಡಿಚಿ, ಕಪಾಟಿನಲ್ಲಿ ಇಟ್ಟೆವು.

ಈ ಭಾಷಣವನ್ನು ಬರೆಯುತ್ತಿದ್ದಾಗ ನಕಲು ತೆಗೆಯಲು ನಮ್ಮ ಕಿರಿಯ ವಕೀಲನೊಬ್ಬನ ಕೈಗೆ ಕೊಟ್ಟೆವು. ಹಳ್ಳಿಯ ಹುಡುಗ, ಎರಡು ವರ್ಷದಿಂದ ನಮ್ಮಲ್ಲಿರುವನು. ಅವನು ಬರೆದು ಮುಗಿಸಿ, ಏನೂ ಮಾತನಾಡದೆ ಹಾಳೆಗಳನ್ನು ಮೇಜಿನ ಮೇಲಿಟ್ಟನು. ಆಗ ಮೊದಲ ಸಲ ನಾವು ಅವನನ್ನು ಕೇಳಿದೆವು, ಈ ಊರಿನಲ್ಲಿ ಮಲಗುವದೆಲ್ಲಿ ಎಂದು. ಬಸ್ಸು ನಿಲ್ದಾಣದ ಹಿಂದೆ ನಾಲ್ವರು ಸೇರಿ ಒಂದು ಕೋಣೆ ಹಿಡಿದಿರುವರಂತೆ. ಕೋಣೆಯಲ್ಲಿ ಮೂವರಿಗೆ ಜಾಗ, ಸರದಿಯಂತೆ ಒಬ್ಬನು ಹೊರಗೆ ಪಡಸಾಲೆಯಲ್ಲಿ.