ದೇವರಿಗೆ ಕೈಮುಗಿದು ಡಾರ್ವಿನ್ ಪಾಠ ಮಾಡುವವರಿಗೆ

(ತೋವಿನಕೆರೆಯಲ್ಲಿ ನಡೆದ ವಿಜ್ಞಾನ ಶಿಕ್ಷಕರ ಸಮಾವೇಶದ ಅಧ್ಯಕ್ಷ ಭಾಷಣ)

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಿಂದ, ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಗಳಿಂದ ಬಂದಿರುವ ಶಿಕ್ಷಕ ಬಂಧುಗಳೇ,

ಇಂಥ ಸಭೆಗಳಲ್ಲಿ ಅಧ್ಯಕ್ಷರಾದವರು ಪ್ರಯೋಗಾಲಯ, ಖಾಲಿ ಹುದ್ದೆ, ಕಟ್ಟಡಗಳ ಬೇಡಿಕೆ ಮಂಡಿಸುವುದು ವಾಡಿಕೆ. ಅವೆಲ್ಲ ಬೇಕೇ ಬೇಕು, ಮಧ್ಯಾಹ್ನದ ಗೋಷ್ಠಿಯಲ್ಲಿ ಬರಲಿವೆ. ನಾನು ಎತ್ತಿಕೊಳ್ಳುವುದು ಮಕ್ಕಳು ಕೇಳುವ ಒಂದು ಪ್ರಶ್ನೆಯನ್ನು. ಜೀವವಿಕಾಸದ ಪಾಠ ಮಾಡಿದ ಯಾವ ಮೇಷ್ಟ್ರನ್ನೂ ಅದು ಬಿಟ್ಟಿಲ್ಲ: “ಸಾರ್, ಹಂಗಾದ್ರೆ ದೇವ್ರು ನಮ್ಮನ್ನ ಮಾಡ್ಲಿಲ್ವಾ?”

ನಮ್ಮಲ್ಲಿ ಕೆಲವರು “ಪರೀಕ್ಷೆಗೆ ಬರಲ್ಲ, ಬಿಡು” ಎನ್ನುತ್ತೇವೆ. ಕೆಲವರು ದೇವರೆಲ್ಲ ಸುಳ್ಳು ಎಂದು ಮಗುವಿನ ಬಾಯಿ ಮುಚ್ಚಿಸುತ್ತೇವೆ. ಇನ್ನು ಕೆಲವರು ಇದೆಲ್ಲ ನಮ್ಮ ದಶಾವತಾರದಲ್ಲೇ ಇದೆ ಎಂದು ಬೆನ್ನು ತಟ್ಟಿ ಕೂರಿಸುತ್ತೇವೆ. ಈ ಮೂರರಲ್ಲಿ ಯಾವುದೂ ಆ ಮಗು ಕೇಳಿದ್ದಕ್ಕೆ ಉತ್ತರವಲ್ಲ.

ನಾನು ದೇವರನ್ನು ನಂಬುವವನು. ದೇವರಾಯನದುರ್ಗದ ನರಸಿಂಹ ನಮ್ಮ ಮನೆದೇವರು. ಜೀವವಿಕಾಸವನ್ನು ಪಾಠ ಮಾಡಿಕೊಂಡು ಬಂದವನೂ ಹೌದು, ಅದು ನಿಜವೆಂದು ಒಪ್ಪಿದವನೂ ಹೌದು. ಇವೆರಡೂ ಒಬ್ಬನ ಎದೆಯಲ್ಲಿ ಒಟ್ಟಿಗೆ ಇರಬಲ್ಲವು ಎಂಬುದೇ ನನ್ನ ಉತ್ತರ. ಆದರೆ ಹಾಗೆ ಇರಬೇಕಾದರೆ ನಂಬುವವನು ಕೆಲವನ್ನು ಬಿಟ್ಟುಕೊಡಬೇಕಾಗುತ್ತದೆ. ಬಿಟ್ಟುಕೊಡಬೇಕಾದದ್ದು ಯಾವುದು ಎಂಬುದನ್ನು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ಮೊದಲು ಜೀವವಿಕಾಸವನ್ನು ನಮ್ಮ ನೆಲದಲ್ಲೇ ನೋಡೋಣ. ಈ ಸೀಮೆಯಲ್ಲಿ ಬೀಜ ಬಿದ್ದು ಹುಟ್ಟಿದ ಹಲಸಿನ ಮರಗಳಿವೆಯಲ್ಲ, ಒಂದರಂತೆ ಇನ್ನೊಂದಿಲ್ಲ. ಒಂದರ ತೊಳೆ ಬಿಳಿ, ಒಂದರದು ಹಳದಿ, ಎಲ್ಲೋ ಒಂದರದು ಕೆಂಪು. ಒಂದು ಗಟ್ಟಿ, ಇನ್ನೊಂದು ಬಾಯಲ್ಲಿ ಜಾರುವಷ್ಟು ಮೆತ್ತಗೆ. ಬೇರೆ ಮರದ ಪರಾಗ ಬಂದು ಕೂಡುವುದರಿಂದ ಪ್ರತಿ ಬೀಜವೂ ಹೊಸದೊಂದು ಬೆರಕೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಬಳಿ ಹೀಗೆ ಹುಟ್ಟಿದ ಒಂದು ಕೆಂಪು ತೊಳೆಯ ಮರವನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿ, ಕಸಿ ಕಟ್ಟಿ, ‘ಸಿದ್ದು’ ಎಂಬ ಹೆಸರಿನಲ್ಲಿ ಹರಡಿದರು. ಪ್ರಕೃತಿ ವ್ಯತ್ಯಾಸಗಳನ್ನು ಒಡ್ಡಿತು, ಮನುಷ್ಯ ಆರಿಸಿದ. 1859ರಲ್ಲಿ ಬಂದ ತನ್ನ ದೊಡ್ಡ ಪುಸ್ತಕವನ್ನು ಡಾರ್ವಿನ್ ಆರಂಭಿಸಿದ್ದೂ ಇಲ್ಲಿಂದಲೇ. ಮೊದಲ ಅಧ್ಯಾಯದಲ್ಲಿ ಅವನು ಬರೆದದ್ದು ಸಾಕು ಪಾರಿವಾಳಗಳ ಬಗ್ಗೆ, ಬೆಳೆಗಳ ಬಗ್ಗೆ, ರೈತರ ಆಯ್ಕೆಯ ಬಗ್ಗೆ.

ರಾಗಿಯ ಕಥೆ ಇನ್ನೂ ಹಿರಿದು. ನಾವು ನಮ್ಮದೇ ಎಂದು ಎದೆ ತಟ್ಟಿಕೊಳ್ಳುವ ಈ ಧಾನ್ಯವನ್ನು ಮೊದಲು ಪಳಗಿಸಿದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ಅಲ್ಲಿನ ಕಾಡು ಹುಲ್ಲಿನಿಂದ. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಕಡೆಗೆ ಬಂತು. ಅಗಲಿ ಹೋಗಿದ್ದ ಆ ಎರಡು ಕವಲುಗಳನ್ನು, ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ, ಮಂಡ್ಯದ ವಿ.ಸಿ. ಫಾರಂನಲ್ಲಿ ಮತ್ತೆ ಕೂಡಿಸಿದವರು ಡಾ. ಲಕ್ಷ್ಮಣಯ್ಯ. ಇಂಡಾಫ್ ತಳಿಗಳು ಬಂದದ್ದು ಹಾಗೆ. ಬೆಂಕಿ ರೋಗ ತಡೆಯುವ, ಇವತ್ತಿಗೂ ನಮ್ಮ ಹೊಲಗಳಲ್ಲಿರುವ ಜಿಪಿಯು-28ರ ವಂಶದಲ್ಲೂ ಇಂಡಾಫ್ ಇದೆ. ಆ ವಿಜ್ಞಾನಿಯನ್ನು ನಾಡು ‘ರಾಗಿ ಬ್ರಹ್ಮ’ ಎಂದು ಕರೆಯಿತು. ದೇವರಿಗೆ ಅಪಚಾರವಾಯಿತು ಎಂದು ಯಾವ ರೈತನೂ ಮುನಿಯಲಿಲ್ಲ. ನನಗೆ ಇದು ತುಂಬ ಪ್ರೀತಿಯ ಸಂಗತಿ.

ಇಲ್ಲೆಲ್ಲ ಆರಿಸುವ ಮನುಷ್ಯನಿದ್ದಾನೆ, ಸರಿ. ಆರಿಸುವವನೇ ಇಲ್ಲದ ಕಡೆ? ಹತ್ತಿ ಬೆಳೆಯುವವರನ್ನು ಕೇಳಿ. ಬಿಟಿ ಹತ್ತಿ ದೇಶಕ್ಕೆ ಬಂದದ್ದು 2002ರಲ್ಲಿ. ಹತ್ತು ವರ್ಷ ತುಂಬುವ ಮೊದಲೇ ಅದರ ವಿಷಕ್ಕೆ ಬಗ್ಗದ ಗುಲಾಬಿ ಕಾಯಿಕೊರಕ ಗುಜರಾತಿನಲ್ಲಿ ಕಾಣಿಸಿಕೊಂಡಿತು. ಆ ಹುಳು ಕಲಿತುಕೊಂಡದ್ದೇನೂ ಇಲ್ಲ. ವಿಷ ತಾಳುವ ಗುಣ ಎಲ್ಲೋ ಕೆಲವಕ್ಕೆ ಇತ್ತು, ಉಳಿದವು ಸತ್ತವು, ತಾಳಿದವುಗಳ ಮರಿಗಳು ಹೊಲ ತುಂಬಿದವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹಣ್ಣು ನೊಣಗಳನ್ನು ನೂರಾರು ತಲೆಮಾರು ಸಾಕಿ, ಇಕ್ಕಟ್ಟಿನಲ್ಲಿ ಬೆಳೆದ ನೊಣಗಳ ವಂಶ ಹೇಗೆ ಬದಲಾಗುತ್ತದೆ ಎಂಬುದನ್ನು ದಾಖಲಿಸಿದ್ದಾರೆ. “ಬದಲಾದದ್ದನ್ನು ಕಂಡವರು ಯಾರು” ಎಂದು ಕೇಳುವವರನ್ನು ಅಲ್ಲಿಗೆ ಕಳಿಸಬಹುದು.

ಕಾಲದ ಮಾತನ್ನೂ ಹೇಳಿಬಿಡುತ್ತೇನೆ. ರಾಮನಗರದಿಂದ ಮಧುಗಿರಿ, ಪಾವಗಡದ ಕಡೆಗೆ ಸಾಗುವ ನಮ್ಮ ಬೆಟ್ಟಸಾಲಿನ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ನಮ್ಮದೇ ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನ ಪದರಗಳಲ್ಲಿ ಅದಕ್ಕೂ ಹಿಂದಿನ ಸೂಕ್ಷ್ಮಜೀವಿಗಳು ಬಿಟ್ಟುಹೋದ ಗುರುತುಗಳಿವೆ. ಯುರೋಪಿನಲ್ಲಿ ಪಾದ್ರಿಯೊಬ್ಬರು ಜಗತ್ತು ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಲೆಕ್ಕ ಹಾಕಿಟ್ಟಿದ್ದರಿಂದ ಅಲ್ಲಿನ ನಂಬಿಕೆಗೆ ಈ ಕಾಲದ ಅಳತೆಯೇ ಆಘಾತವಾಯಿತು. ನಮಗೆ ಆಗಲಿಲ್ಲ. ಸಂಕಲ್ಪ ಹೇಳುವಾಗ ಕಲ್ಪ, ಮನ್ವಂತರಗಳನ್ನು ಎಣಿಸುವವರು ನಾವು. 432 ಕೋಟಿ ವರ್ಷದ ಒಂದು ಕಲ್ಪ ನಮಗೆ ಹೆದರಿಕೆ ಹುಟ್ಟಿಸುವ ಸಂಖ್ಯೆಯಲ್ಲ. ಹಾಗೆಂದು ಭೂಮಿಯ ವಯಸ್ಸು 454 ಕೋಟಿ ವರ್ಷ ಎಂಬುದು ಪುರಾಣಕ್ಕೆ ಮೊದಲೇ ಗೊತ್ತಿತ್ತು ಎನ್ನಲು ಹೋಗಬೇಡಿ. ಒಂದು ಯುಗಗಳ ಲೆಕ್ಕ, ಇನ್ನೊಂದು ಕಲ್ಲಿನೊಳಗಿನ ವಿಕಿರಣಶೀಲ ಧಾತುಗಳನ್ನು ಅಳೆದು ಕಂಡುಕೊಂಡದ್ದು.

ದಶಾವತಾರದ ಮಾತಿಗೂ ಇದೇ ಉತ್ತರ. ಮೀನು, ಆಮೆ, ಹಂದಿ, ನರಸಿಂಹ, ವಾಮನ ಎಂಬ ಸಾಲನ್ನು ಜೀವವಿಕಾಸಕ್ಕೆ ಹೊಂದಿಸುವ ಯೋಚನೆ ಹೊಸದೇನಲ್ಲ. 1882ರಲ್ಲೇ ಕೇಶವಚಂದ್ರ ಸೇನರು ಕಲ್ಕತ್ತೆಯಲ್ಲಿ ಹಾಗೆ ಮಾತಾಡಿದ್ದರು. ಆದರೆ ಜೀವವಿಕಾಸ ಒಂದರ ಮೇಲೊಂದು ಮೆಟ್ಟಿಲು ಹತ್ತುವುದಿಲ್ಲ, ಹಲಸಿನ ಮರದ ಹಾಗೆ ಬುಡದಿಂದಲೇ ಕವಲೊಡೆಯುತ್ತದೆ. ಮೀನು ಮುಗಿದು ಆಮೆ ಬರಲಿಲ್ಲ; ಮೀನೂ ಇದೆ, ಆಮೆಯೂ ಇದೆ. ನಮ್ಮ ನರಸಿಂಹ ಮೃಗಕ್ಕೂ ಮನುಷ್ಯನಿಗೂ ನಡುವಿನ ಕೊಂಡಿಯಲ್ಲ. ಅವನು ಒಬ್ಬ ಹುಡುಗನ ಮೊರೆಗೆ ಓಗೊಟ್ಟು ಕಂಬ ಒಡೆದು ಬಂದವನು. ಅವನನ್ನು ಪ್ರಾಣಿಶಾಸ್ತ್ರದ ಪಟ್ಟಿಗೆ ಸೇರಿಸಿದರೆ ವಿಜ್ಞಾನಕ್ಕೆ ಲಾಭವಿಲ್ಲ, ಭಕ್ತಿಗಂತೂ ನಷ್ಟವೇ.

ಈಗ ಪಠ್ಯಪುಸ್ತಕದ ವಿಚಾರ. 2018ರಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಡಾರ್ವಿನ್ನನ ಸಿದ್ಧಾಂತವೇ ತಪ್ಪು ಎಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಕೋವಿಡ್ ಕಾಲದ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಪಾಠದಿಂದ ಜೀವವಿಕಾಸವನ್ನು ಕೈಬಿಟ್ಟಿತು. 2023ರ ಏಪ್ರಿಲ್‌ನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಸಹಿ ಹಾಕಿ ಪ್ರತಿಭಟಿಸಿದರು. ಪಾಠದಲ್ಲಿ ಉಳಿದುಕೊಂಡದ್ದು ಮೆಂಡೆಲ್ಲನ ಬಟಾಣಿ ಗಿಡಗಳು. ಮೆಂಡೆಲ್ ಯಾರು? ಬ್ರನೋ ಊರಿನ ಮಠದ ಸನ್ಯಾಸಿ, ಮುಂದೆ ಅದೇ ಮಠದ ಗುರು. ಡಾರ್ವಿನ್ನನ ಪುಸ್ತಕವನ್ನು ಗುರುತು ಹಾಕಿಕೊಂಡು ಓದಿದವನು. ಡಾರ್ವಿನ್ನನಿಗೆ ಕೊನೆಯವರೆಗೂ ಸಿಗದಿದ್ದ ಅನುವಂಶೀಯತೆಯ ಕೀಲಿ ಇದ್ದದ್ದು ಈ ಸನ್ಯಾಸಿಯ ಕೈಯಲ್ಲಿ. ಇಬ್ಬರನ್ನೂ ಜೋಡಿಸಿಯೇ ಇಪ್ಪತ್ತನೆಯ ಶತಮಾನದ ಜೀವಶಾಸ್ತ್ರ ನಿಂತದ್ದು. ಹಾಗೆ ಜೋಡಿಸಿದವರಲ್ಲಿ ರೊನಾಲ್ಡ್ ಫಿಶರ್ ಆಂಗ್ಲಿಕನ್ ಭಕ್ತ, ಡೊಬ್‌ಜಾನ್‌ಸ್ಕಿ ಆರ್ಥೊಡಾಕ್ಸ್ ಕ್ರೈಸ್ತ, ಹಾಲ್ಡೇನ್ ನಾಸ್ತಿಕ. ಲೆಕ್ಕ ಮಾತ್ರ ಮೂವರದೂ ಒಂದೇ.

ಹಾಗಾದರೆ ನಂಬುವವರಿಗೆ ಕಷ್ಟವೇ ಇಲ್ಲವೇ? ಇದೆ, ಅದನ್ನು ಮರೆಮಾಚಬಾರದು. 1851ರಲ್ಲಿ ಡಾರ್ವಿನ್ನನ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಳು. 1860ರಲ್ಲಿ ಅವನು ಅಮೆರಿಕದ ಸಸ್ಯಶಾಸ್ತ್ರಜ್ಞ, ದೈವಭಕ್ತ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಒಂದು ಕಣಜದ ಪ್ರಸ್ತಾಪವಿದೆ. ಅದರ ಮರಿಗಳು ಬದುಕಿರುವ ಕಂಬಳಿಹುಳುವಿನ ಒಳಗೇ ಬೆಳೆದು ಅದನ್ನು ತಿಂದು ಹೊರಬರುತ್ತವೆ. ಕರುಣಾಮಯಿಯಾದ ದೇವರು ಇದನ್ನು ಬೇಕೆಂದೇ ರೂಪಿಸಿದನೆಂದು ನಂಬುವುದು ಹೇಗೆ ಎಂದು ಡಾರ್ವಿನ್ ಕೇಳಿದ. ನನ್ನ ಬಳಿ ಇದಕ್ಕೆ ಪೂರ್ತಿ ಉತ್ತರವಿಲ್ಲ. ಪ್ರತಿ ಜೀವಿಯನ್ನೂ ಕುಳಿತು ಕೆತ್ತಿದ ಶಿಲ್ಪಿಯೆಂಬ ದೇವರ ಚಿತ್ರವನ್ನು ನಾನು ಬಿಟ್ಟುಕೊಟ್ಟದ್ದು ಈ ಪ್ರಶ್ನೆಯ ಮುಂದೆಯೇ. ಉಳಿದದ್ದು ಇಷ್ಟು: ಇದೆಲ್ಲ ಯಾಕಾದರೂ ಇದೆ ಎಂಬ ಬೆರಗು, ಇರುವುದಕ್ಕೆ ಋಣಿಯಾಗಿ ತಲೆಬಾಗುವ ಮನಸ್ಸು, ನೊಂದವರ ಪಕ್ಕದಲ್ಲಿ ನಿಲ್ಲಬೇಕೆಂಬ ಒಳಗಿನ ಒತ್ತಾಯ. ನನ್ನ ಪಾಲಿಗೆ ಅದೇ ದೇವರು. ಅದೇ ಡಾರ್ವಿನ್ 1879ರಲ್ಲಿ ಇನ್ನೊಂದು ಪತ್ರದಲ್ಲಿ, ಗಾಢವಾಗಿ ದೇವರನ್ನು ನಂಬುವವನು ಜೀವವಿಕಾಸವನ್ನೂ ಒಪ್ಪಬಲ್ಲ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ ಎಂದು ಬರೆದು, ಏಸಾ ಗ್ರೇಯನ್ನೇ ಉದಾಹರಣೆ ಕೊಟ್ಟ. ತನ್ನನ್ನು ಅವನು ಅಜ್ಞೇಯವಾದಿ ಎಂದುಕೊಂಡ.

ಬಿಟ್ಟುಕೊಡಬೇಕಾದದ್ದು ಇನ್ನೂ ಒಂದಿದೆ, ನನ್ನ ಪ್ರಕಾರ ಅದೇ ದೊಡ್ಡದು. ಮನುಷ್ಯರೆಲ್ಲ ಒಂದೇ ಪ್ರಭೇದ. ನಮ್ಮೆಲ್ಲರ ಮೂಲ ಆಫ್ರಿಕಾ. ನಮ್ಮ ಪ್ರಭೇದದ ಸುಮಾರು 3 ಲಕ್ಷ ವರ್ಷದ ಪಳೆಯುಳಿಕೆ ಅಲ್ಲಿ ಸಿಕ್ಕಿದೆ. ಒಬ್ಬರು ಮುಖದಿಂದ, ಇನ್ನೊಬ್ಬರು ಪಾದದಿಂದ ಹುಟ್ಟಿದರೆಂಬುದನ್ನು ಅಕ್ಷರಶಃ ನಂಬುವವರಿಗೆ ಜೀವವಿಕಾಸದ ಜೊತೆ ಬಾಳುವೆ ಸಾಧ್ಯವೇ ಇಲ್ಲ. ಹುಟ್ಟಿನಿಂದ ಮೇಲು ಕೀಳು ಎಂಬುದನ್ನು ಹನ್ನೆರಡನೆಯ ಶತಮಾನದ ವಚನಕಾರರು ಪ್ರಶ್ನಿಸಿದ್ದು ದೇವರ ಹೆಸರಿನಲ್ಲೇ. ಅವರ ದೇವರ ಪಕ್ಕದಲ್ಲಿ ಡಾರ್ವಿನ್ ಕುಳಿತರೆ ಜಗಳವಾಗುವುದಿಲ್ಲ. ಜಾತಿಯ ದೇವರ ಪಕ್ಕದಲ್ಲಿ ಕುಳಿತರೆ ಆಗಲೇಬೇಕು, ಆಗಲಿ. ‘ಬಲಿಷ್ಠರೇ ಉಳಿಯಬೇಕು’ ಎಂದು ಡಾರ್ವಿನ್ನನ ಹೆಸರಿನಲ್ಲಿ ದುರ್ಬಲರನ್ನು ತುಳಿಯುವವರಿಗೂ ನನ್ನ ವಿರೋಧ ಅಷ್ಟೇ ಇದೆ. ಪ್ರಕೃತಿಯಲ್ಲಿ ಏನು ನಡೆಯುತ್ತದೆ ಎಂಬುದು ನಾವು ಏನು ಮಾಡಬೇಕು ಎಂಬುದಕ್ಕೆ ಅಪ್ಪಣೆಯಲ್ಲ.

ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಜಗತ್ತಿನಲ್ಲಿ ಇಂಥದು ನಡೆಯಿತು ಎಂದು ಯಾರೇ ಹೇಳಲಿ, ಅದು ಪರೀಕ್ಷೆಗೆ ಒಳಪಡಬೇಕು. ಭಕ್ತನಾದ ನಾನು ವಿಚಾರವಾದಿಯಾದ ಅವರಿಂದ ಪಡೆದ ಪಾಠ ಇದು. ನನ್ನ ಪ್ರಾರ್ಥನೆಗೆ ಇದರಿಂದ ಕುಂದು ಬಂದಿಲ್ಲ.

ಬಂಧುಗಳೇ, ಮಧ್ಯಾಹ್ನದ ಗೋಷ್ಠಿಗೆ ನನ್ನ ಕಡೆಯಿಂದ ಮೂರು ಸಲಹೆಗಳಿವೆ. ಪುಸ್ತಕದಲ್ಲಿ ಇರಲಿ ಬಿಡಲಿ, ಅಂಕ ಇರಲಿ ಬಿಡಲಿ, ಈ ನಾಲ್ಕು ತಾಲ್ಲೂಕುಗಳ ಎಲ್ಲ ಪ್ರೌಢಶಾಲೆಗಳಲ್ಲಿ ಜೀವವಿಕಾಸದ ಪಾಠ ನಡೆಯಬೇಕೆಂದು ನಿರ್ಣಯ ಮಾಡೋಣ. ಹಲಸಿನ ಕಾಲದಲ್ಲಿ ಮಕ್ಕಳನ್ನು ತೋಟಗಳಿಗೆ ಕರೆದೊಯ್ದು ಮರಮರಕ್ಕೂ ತೊಳೆಯ ಬಣ್ಣ, ಗಾತ್ರ, ಸಿಹಿ ಬರೆಸಿ, ಅದೇ ಮರಗಳ ಬೀಜ ಶಾಲೆಯ ಅಂಗಳದಲ್ಲಿ ನೆಡಿಸೋಣ. ದೇವರ ಪ್ರಶ್ನೆ ಕೇಳಿದ ಮಗುವಿಗೆ ತರಗತಿಯಲ್ಲೇ ಸಮಯ ಕೊಡಿ; ನೀವು ನಂಬುವವರಾದರೆ ಹಾಗೆಂದು, ನಂಬದವರಾದರೆ ಹಾಗೆಂದು ಹೇಳಿ, ಸಾಕ್ಷ್ಯಗಳನ್ನು ಮಾತ್ರ ಇಬ್ಬರೂ ಒಂದೇ ರೀತಿ ಮುಂದಿಡಿ. ಚರ್ಚೆ ಪಾವಗಡದ ಮಿತ್ರರಿಂದ ಆರಂಭವಾಗಲಿ, ಎಲ್ಲರಿಗಿಂತ ದೂರದಿಂದ ಬಂದವರು ಅವರು.