ಪದ್ಮಿನಿಗೆ ಹೊಸ ಜೀವ: ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು

ಹಳೇ ಇಟಾಲಿಯನ್ ಸ್ಪೋರ್ಟ್ಸ್ ಕಾರು ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಕೆಂಪು ಬಣ್ಣದ ಫೆರಾರಿ. ಅದು ನಮ್ಮ ಕೈಗೆ ಎಟುಕೋದಿಲ್ಲ ಬಿಡಿ. ಆದರೆ ಮುಂಬಯಿಯಲ್ಲಿ ಇರೋ ನಮಗೆಲ್ಲ ಒಂದು ಇಟಾಲಿಯನ್ ಕಾರು ಚೆನ್ನಾಗಿ ಗೊತ್ತು. ಅದರಲ್ಲಿ ಕೂತು ದಾದರ್ ಸ್ಟೇಷನ್ನಿಗೆ ಹೋಗಿದ್ದೀವಿ, ಮಳೆಗಾಲದಲ್ಲಿ ಅದರ ಬಾಗಿಲಿಂದ ನೀರು ಸೋರಿದ್ದನ್ನೂ ನೋಡಿದ್ದೀವಿ. ಪ್ರೀಮಿಯರ್ ಪದ್ಮಿನಿ. ಇವತ್ತಿನ ಮಾತು ಅದರ ಬಗ್ಗೆ. ಉಳಿದಿರೋ ಪದ್ಮಿನಿಯನ್ನ ರಸ್ತೆಗೂ ಟ್ರ್ಯಾಕಿಗೂ ತಯಾರು ಮಾಡೋದು ಹೇಗೆ, ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು.

ಟ್ಯಾಕ್ಸಿಯ ಒಳಗಿನ ರೇಸ್ ರಕ್ತ

ಮೊದಲು ಇದರ ವಂಶ ನೋಡೋಣ. 1937ರಲ್ಲಿ ಫಿಯೆಟ್ ಕಂಪನಿ 508ಸಿ ಅನ್ನೋ ಕಾರಿಗೆ 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಹಾಕಿತು. ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ. 1940ರಲ್ಲಿ ಎಂಜೋ ಫೆರಾರಿ ತಾವೇ ಮೊದಲ ಕಾರು ಕಟ್ಟಿದಾಗ, ಇದೇ 508ಸಿಯ ಷಾಸಿಯನ್ನೂ ಎಂಜಿನ್ ಭಾಗಗಳನ್ನೂ ಬಳಸಿ ಎಂಟು ಸಿಲಿಂಡರಿನ 815 ಅನ್ನೋ ಕಾರು ಮಾಡಿದರು. ಆಲ್ಫಾ ರೋಮಿಯೋ ಜೊತೆಗಿನ ಒಪ್ಪಂದದಿಂದಾಗಿ ಅದಕ್ಕೆ ತಮ್ಮ ಹೆಸರು ಇಡೋ ಹಾಗಿರಲಿಲ್ಲ. ಯುದ್ಧದ ನಂತರ ಬಂದ ಚಿಸಿಟಾಲಿಯಾ 202 ಕಾರನ್ನ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಕಲಾಕೃತಿ ಅಂತ ಇಟ್ಟುಕೊಂಡಿದೆ. ಅದರ ಎಂಜಿನ್ನಿನ ಮೂಲವೂ ಇದೇ ಫಿಯೆಟ್ 1100.

ಇನ್ನು ನಮ್ಮ ಊರಿಗೆ ಬನ್ನಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರು ಮಾಡಿದರು. 1940ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದ್ದೂ ಇವರೇ. ಕುರ್ಲಾದ ಕಾರ್ಖಾನೆಯಿಂದ ಗುಂಡಗಿನ ಫಿಯೆಟ್ 1100 ಬಂತು. ಮುಂಬಯಿ ಜನ ಅದಕ್ಕೆ ಮರಾಠಿಯಲ್ಲಿ 'ಡುಕ್ಕರ್' ಅಂದರು, ಹಂದಿ ಅಂತ. 1964ರಲ್ಲಿ ಡಿಲೈಟ್, ಆಮೇಲೆ ಪ್ರೆಸಿಡೆಂಟ್, 1974ರಲ್ಲಿ ಪದ್ಮಿನಿ. ಎಂಜಿನ್ ಮಾತ್ರ ಅದೇ ಮನೆತನದ್ದು: 1089 ಸಿಸಿ, ಸುಮಾರು 40 ಅಶ್ವಶಕ್ತಿ. ಮದರಾಸಿನ ಹತ್ತಿರದ ಶೋಳಾವರಂ ಏರ್‌ಸ್ಟ್ರಿಪ್ಪಿನಲ್ಲಿ ನಮ್ಮ ದೇಶದ ರೇಸುಗಾರರು ವರ್ಷಗಟ್ಟಲೆ ಫಿಯೆಟ್ 1100 ಓಡಿಸಿದ್ದು ಸುಮ್ಮನೆ ಅಲ್ಲ. ಸ್ಟೇರಿಂಗಿನ ಪಕ್ಕದ ಗೇರು, ಹಿಂದಿನ ಚಕ್ರಕ್ಕೆ ಶಕ್ತಿ, ಹಗುರ ಮೈ. ಕೈಗೆ ಮಾತು ಕೇಳೋ ಗಾಡಿ ಅದು.

2023ರ ಅಕ್ಟೋಬರ್ 30ಕ್ಕೆ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷದ ಮಿತಿ ಮುಗೀತು. ಅಂದರೆ ಇನ್ನು ಮುಂದೆ ಖಾಸಗಿಯವರ ಮನೆ ಮುಂದೆ ಉಳಿದಿರೋದೇ ಲೆಕ್ಕ. ಅದಕ್ಕೇ ನನ್ನ ಒಂದೇ ಮಾತು: ಬಿಚ್ಚಿದರೆ ಮತ್ತೆ ಹಳೇ ಸ್ಥಿತಿಗೆ ಬರೋ ಬದಲಾವಣೆ ಮಾತ್ರ ಮಾಡಿ. ಇನ್ನು ಹೇಳೋದೆಲ್ಲ ಈ ಮಾತಿನ ವಿವರಣೆ.

ಮೊದಲು ಮೈ

ಜನ ಗಾಡಿ ತಗೊಂಡ ಕೂಡಲೇ ಬಾನೆಟ್ ಎತ್ತಿ ಎಂಜಿನ್ ನೋಡ್ತಾರೆ. ನೀವು ನೆಲಕ್ಕೆ ಮಲಗಿ ಕೆಳಗಡೆ ನೋಡಿ. ಈ ಕಾರಿಗೆ ಲಾರಿ ಥರ ಬೇರೆ ಷಾಸಿ ಇಲ್ಲ, ಬಾಡಿಯೇ ಅದರ ಬೆನ್ನೆಲುಬು. ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದರೆ ಅಂದ ಮಾತ್ರ ಹೋಗೋದಲ್ಲ, ಗಾಡಿಯ ಬಲವೇ ಹೋಗುತ್ತೆ. ನಮ್ಮದು ಸಮುದ್ರದ ಉಪ್ಪುಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಕಾಲಿಡೋ ತಗಡು, ಬ್ಯಾಟರಿ ಕೂರೋ ಜಾಗ, ಚಕ್ರದ ಕಮಾನು, ಡಿಕ್ಕಿಯ ತಳ ಇವನ್ನ ಬೆರಳಲ್ಲಿ ಒತ್ತಿ, ಸಣ್ಣ ಸುತ್ತಿಗೆಯಲ್ಲಿ ತಟ್ಟಿ. 'ಟಣ್' ಅಂದರೆ ತಗಡು, 'ದಬ್' ಅಂದರೆ ಪುಟ್ಟಿ.

ಟಿಂಕರಿಂಗ್ ಮಾಡೋರಿಗೆ ಖಡಾಖಂಡಿತ ಹೇಳಿ: ತುಕ್ಕಿನ ಮೇಲೆ ತಗಡು ಬೆಸೆಯೋದು ಬೇಡ, ಕೊಳೆತದ್ದನ್ನ ಕತ್ತರಿಸಿ ತೆಗೆದು ಹೊಸ ತಗಡು ಕೂರಿಸಿ. ಕತ್ತರಿಸುವ ಮುಂಚೆ ಒಳಗೆ ಅಡ್ಡ ಪೈಪ್ ಬೆಸೆದು ಆಧಾರ ಕೊಡಿ. ಇಲ್ಲಾಂದ್ರೆ ಬಾಡಿ ಬಾಗುತ್ತೆ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚೋದಿಲ್ಲ.

ಆಮೇಲೆ ಬ್ರೇಕು, ಸ್ಟೇರಿಂಗು

ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹಳೇ ಗಾಡಿಗಳಲ್ಲಿ ಒಂದೇ ಬ್ರೇಕ್ ಲೈನು. ಎಲ್ಲಾದರೂ ಒಂದು ಕಡೆ ಸೋರಿದರೆ ಪೆಡಲ್ ನೆಲಕ್ಕೆ ಹೋಗುತ್ತೆ, ನಾಲ್ಕೂ ಚಕ್ರದ ಬ್ರೇಕ್ ಹೋಯ್ತು. ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲ ಅಪ್‌ಗ್ರೇಡ್ ಅಂದರೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಹೊಸ ಪೈಪು, ಹೊಸ ಹೋಸು. ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸೋರಿದ್ದಾರೆ, ತಪ್ಪಲ್ಲ. ಆದರೆ ಮುಂದೆ ಡಿಸ್ಕು, ಹಿಂದೆ ಡ್ರಮ್ ಅಂದಾಗ ಒತ್ತಡದ ಹಂಚಿಕೆ ಬದಲಾಗುತ್ತೆ. ಹಿಂದಿನ ಚಕ್ರ ಮೊದಲು ಕಚ್ಚಿಕೊಂಡರೆ ಮಳೆಯಲ್ಲಿ ಗಾಡಿ ಲಟ್ಟು ತಿರುಗಿದ ಹಾಗೆ ತಿರುಗುತ್ತೆ. ಬೇರೆ ಕಾರಿನ ಕ್ಯಾಲಿಪರ್ ಕೂತಿತು ಅಂತ ಖುಷಿಪಡಬೇಡಿ, ಖಾಲಿ ಜಾಗದಲ್ಲಿ ಜೋರಾಗಿ ಬ್ರೇಕ್ ಹಾಕಿ ಯಾವ ಚಕ್ರ ಮೊದಲು ಕಚ್ಚುತ್ತೆ ನೋಡಿ.

ಜೊತೆಗೆ ಕಿಂಗ್‌ಪಿನ್, ಬುಷ್, ಹಿಂದಿನ ಲೀಫ್ ಸ್ಪ್ರಿಂಗು, ಷಾಕ್ ಅಬ್ಸಾರ್ಬರು. ಇವು ಹೊಸದಾದರೆ, ಒಳ್ಳೇ ರೇಡಿಯಲ್ ಟೈರ್ ಹಾಕಿದರೆ, ಎಂಜಿನ್ ಮುಟ್ಟದೇನೇ ಗಾಡಿ ಅರ್ಧ ಬದಲಾಗಿರುತ್ತೆ. ಗೇರು ಸಿಗ್ತಿಲ್ಲ ಅಂತ ಗೇರ್‌ಬಾಕ್ಸ್ ಬಿಚ್ಚೋಕೆ ಮುಂಚೆ ಸ್ಟೇರಿಂಗ್ ಪಕ್ಕದ ಲಿಂಕೇಜಿನ ಬುಷ್ ನೋಡಿ. ಎಷ್ಟೋ ಸಲ ಸವೆದಿರೋದು ಅದೊಂದೇ.

ಕೊನೆಗೆ ಎಂಜಿನ್

ಎಂಜಿನ್ ಕಿತ್ತು ಹಾಕಿ ಬೇರೆ ಕಂಪನಿಯ ಹೊಸ ಎಂಜಿನ್ ಕೂರಿಸಿ ಅಂತ ಸಲಹೆ ಬರುತ್ತೆ. ಕಂಪನಿಯೇ 1985ರಲ್ಲಿ ಫಿಯೆಟ್ 124ರ ಬಾಡಿಗೆ ನಿಸ್ಸಾನ್ ಎಂಜಿನ್ ಹಾಕಿ 118 ಎನ್‌ಇ ತಂದಿತ್ತಲ್ಲ ಅಂತಾರೆ. ನಿಜ, ಆದರೆ ಅದು ಬೇರೆಯೇ ಕಾರು. ಪದ್ಮಿನಿಯಲ್ಲಿ ಆ 1089 ಎಂಜಿನ್ ತೆಗೆದರೆ ಉಳಿಯೋದು ಬರೀ ಚಿಪ್ಪು.

ಕಾನೂನೂ ಇದೇ ಹೇಳುತ್ತೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತೆ. ನಂಬರಿನಲ್ಲಿ 'ವಿಎ' ಅಂತ ಬರುತ್ತೆ, ಶುಲ್ಕ 20,000 ರೂಪಾಯಿ, 10 ವರ್ಷ ಚಾಲ್ತಿ. ಆದರೆ ಷಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ದಿನಬಳಕೆಗೆ ಓಡಿಸೋ ಹಾಗಿಲ್ಲ. 1974ರ ಪದ್ಮಿನಿಗೆ 2024ಕ್ಕೆ 50 ತುಂಬಿತು. ಈಗ ಎಂಜಿನ್ ಬದಲಾಯಿಸಿದವರು ಆ ಬಾಗಿಲನ್ನ ತಾವೇ ಮುಚ್ಚಿಕೊಂಡ ಹಾಗೆ.

ಹಾಗಾದರೆ ಶಕ್ತಿ ಬೇಡವಾ? ಬೇಕು. ಕಂಪ್ರೆಷನ್ ಏರಿಸೋಕೆ ಹೆಡ್ ಕೆರೆಸಬೇಕಾ? ಸಿಎಸ್‌ಟಿ ರೋಡಿನ ಹಳೇ ಸಾಮಾನಿನ ಅಂಗಡಿಗಳಲ್ಲೋ ಚೋರ್ ಬಜಾರಿನಲ್ಲೋ ಇನ್ನೊಂದು ಹೆಡ್ ಹುಡುಕಿ ಅದನ್ನ ಕೆರೆಸಿ, ಮೂಲದ್ದು ಎಣ್ಣೆ ಸವರಿ ಎತ್ತಿಡಿ. ಸೋಲೆಕ್ಸ್ ಕಾರ್ಬುರೇಟರ್ ಬದಲು ಎರಡು ವೆಬರ್ ಬೇಕಾದರೆ ಮ್ಯಾನಿಫೋಲ್ಡ್ ಸಮೇತ ಬೇರೆ ಕೂರಿಸಿ. ಡೈನಮೋ ಬದಲು ಆಲ್ಟರ್ನೇಟರ್, ರೇಡಿಯೇಟರಿಗೆ ವಿದ್ಯುತ್ ಫ್ಯಾನು, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್. ಎಲ್ಲವೂ ಬಿಚ್ಚಿದರೆ ವಾಪಸ್ ಬರೋವೇ. ಸಿಎನ್‌ಜಿಯಲ್ಲಿ ಓಡಿದ ಎಂಜಿನ್ ಆದರೆ ವಾಲ್ವ್ ಸೀಟು ತಪ್ಪದೆ ನೋಡಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತೆ. ಅದು ಹಳೇ ರಬ್ಬರನ್ನ ತಿನ್ನುತ್ತೆ, ನೀರು ಹೀರಿ ಟ್ಯಾಂಕಿಗೆ ತುಕ್ಕು ತರುತ್ತೆ. ಪೈಪು, ಪಂಪಿನ ಡಯಾಫ್ರಂ ಎಥನಾಲ್ ತಡೆಯೋ ರಬ್ಬರಿನದ್ದು ಹಾಕಿ. ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಪೆಟ್ರೋಲ್ ಖಾಲಿ ಮಾಡಿ.

ಟ್ರ್ಯಾಕಿಗೆ ಹೋಗೋರು ಮೊದಲು ಬೋರ್ ಘಾಟ್ ಹತ್ತಿ ಇಳಿಯಿರಿ. ಹತ್ತುವಾಗ ಟೆಂಪರೇಚರ್ ಮುಳ್ಳು, ಇಳಿಯುವಾಗ ಬ್ರೇಕು. ಇವೆರಡೂ ತಡೆದುಕೊಂಡರೆ ಮಾತ್ರ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗೋ ಯೋಚನೆ ಮಾಡಿ. ರೋಲ್ ಕೇಜ್ ಬೇಕಾದರೆ ಬೆಸುಗೆಯದ್ದು ಬೇಡ, ಬೋಲ್ಟಿನದ್ದು ಹಾಕಿ. ಸೀಟ್‌ಬೆಲ್ಟು, ಬೆಂಕಿ ನಂದಿಸೋ ಸಿಲಿಂಡರು ಕಡ್ಡಾಯ.

ಕೈ ಇರುವಾಗಲೇ ಕಲಿಯೋಣ

ಕೊನೇ ಮಾತು. ಸಾಮಾನು ಹೇಗೋ ಸಿಗುತ್ತೆ, ಇಲ್ಲಾಂದ್ರೆ ಲೇಥಿನಲ್ಲಿ ಮಾಡಿಸಬಹುದು. ಸಿಗದೇ ಹೋಗ್ತಿರೋದು ಕೈ. ಕಿವಿ ಕೊಟ್ಟು ಟ್ಯಾಪೆಟ್ ಹೊಂದಿಸೋ ಮಿಸ್ತ್ರಿಗಳು ಟ್ಯಾಕ್ಸಿ ಹೊಟ್ಟೆಪಾಡಿನಿಂದ ಬಂದವರು. ಟ್ಯಾಕ್ಸಿ ಹೋಯ್ತು, ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋದರು. ನಿಮ್ಮ ಗಾಡಿ ಕೊಟ್ಟು ಮನೆಗೆ ಬರಬೇಡಿ. ಪಕ್ಕದಲ್ಲಿ ನಿಂತು ನೋಡಿ, ಕೇಳಿ, ಅವರು ಒಪ್ಪಿದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಅವರು ಕೇಳಿದ ಕೂಲಿ ಚೌಕಾಸಿ ಇಲ್ಲದೆ ಕೊಡಿ. ಬಿಚ್ಚಿದ ಪ್ರತಿ ಸಾಮಾನಿಗೂ ಚೀಟಿ ಬರೆದು ಡಬ್ಬಿಯಲ್ಲಿಡಿ. ನಾಳೆ ಈ ಗಾಡಿ ತಗೊಳ್ಳೋ ಹುಡುಗನೋ ಹುಡುಗಿಯೋ ಆ ಡಬ್ಬಿ ತೆರೆದಾಗ, ಕುರ್ಲಾದಿಂದ ಹೊರಟಾಗ ಇದು ಹೇಗಿತ್ತು ಅನ್ನೋದು ಅವರಿಗೆ ಗೊತ್ತಾಗಬೇಕು.